ದ ಬ್ಲೂ ಬರ್ಡ್: ನೀಲಿ ಹಕ್ಕಿಯ ಪೂರ್ವೋತ್ತರ

ದ ಬ್ಲೂ ಬರ್ಡ್ (1940): ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ತಯಾರಿಸಿದ, ವಾಲ್ಟರ್ ಲ್ಯಾಂಗ್ ನಿರ್ದೇಶನದ ಮಕ್ಕಳ ಅದ್ಭುತರಮ್ಯ ಚಿತ್ರ. ಬಡ ಮರಕಡಿಯುವವನ ಇಬ್ಬರು ಮಕ್ಕಳು ಸುಖದ ಸಂಕೇತವಾದ ನೀಲಿ ಹಕ್ಕಿಯನ್ನು ಲೋಕಲೋಕಾಂತರಗಳಲ್ಲಿ ಹುಡುಕಿ, ಬರಿಗೈಯಲ್ಲಿ ಮರಳಿ, ಕೊನೆಗೆ ಅದನ್ನು ತಮ್ಮ ಮನೆಯ ಪಂಜರದಲ್ಲೇ ಕಾಣುವುದು ಇದರ ಕಥೆ. ಮುಖ್ಯ ಪಾತ್ರ ಶರ್ಲಿ ಟೆಂಪಲ್‌ಳದು. ಬೆಲ್ಜಿಯಂನ ನಾಟಕಕಾರ ಮಾರಿಸ್ ಮೇಟರ್‌ಲಿಂಕ್ ಫ್ರೆಂಚಿನಲ್ಲಿ ಬರೆದ ನಾಟಕವೇ ಮೂಲ. ಅದೇ ನಾಟಕ ಈ ಚಿತ್ರಕ್ಕೆ ಮೊದಲೂ ಆಮೇಲೂ ಹಲವು ಸಲ ತೆರೆಗೆ ಬಂದಿದೆ. ರಂಗದ ಮೇಲೆ ಗೆದ್ದು ಗೆದ್ದು ಬಂದ ಕಥೆ ಸಿನಿಮಾದ ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ಸೋಲುತ್ತಲೇ ಹೋದದ್ದು ಅದರ ಇತಿಹಾಸದ ದೊಡ್ಡ ವಿಚಿತ್ರ.

ಮೇಟರ್‌ಲಿಂಕ್ 1862ರಲ್ಲಿ ಬೆಲ್ಜಿಯಂನ ಗೆಂಟ್ ಪಟ್ಟಣದ ಸಿರಿವಂತ ಮನೆಯಲ್ಲಿ ಹುಟ್ಟಿದ. ಮೊದಮೊದಲು ಬರೆದ ನಾಟಕಗಳಲ್ಲಿ ಸಾವಿನ ನೆರಳು ದಟ್ಟ. ಅವುಗಳಲ್ಲೊಂದಾದ 'ಪೆಲಿಯಾಸ್ ಮತ್ತು ಮೆಲಿಸಾಂಡ್' ಅನ್ನು ಸಂಗೀತಗಾರ ಡೆಬ್ಯುಸಿ 1902ರಲ್ಲಿ ಅಪೆರಾ ಮಾಡಿದ. ಜೇನುಹುಳುಗಳ ಬದುಕಿನ ಮೇಲೆ ಮೇಟರ್‌ಲಿಂಕ್ 1901ರಲ್ಲಿ ಬರೆದ ಪುಸ್ತಕವೂ ಜನಪ್ರಿಯವಾಗಿತ್ತು. ಇಂಥ ಗಂಭೀರ ಲೇಖಕ ಮಕ್ಕಳಿಗಾಗಿ ಯಕ್ಷಿಣಿಕಥೆಯೊಂದನ್ನು ಬರೆದು, ಅದರ ಹಸ್ತಪ್ರತಿಯನ್ನು ಪ್ಯಾರಿಸ್ಸಿನವರಿಗೆ ಕೊಡದೆ ಮಾಸ್ಕೋದ ಆರ್ಟ್ ಥಿಯೇಟರಿಗೆ ಕೊಟ್ಟ. ಅಲ್ಲಿನ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ 1908ರ ಬೇಸಿಗೆಯಲ್ಲಿ ಲೇಖಕನನ್ನು ಕಾಣಲು ಫ್ರಾನ್ಸಿನ ನಾರ್ಮಂಡಿಗೆ ಹೋದ. ರೈಲು ನಿಲ್ದಾಣದಲ್ಲಿ ತನ್ನನ್ನು ಕರೆದೊಯ್ಯಲು ಬಂದವನನ್ನು ಕಾರಿನ ಚಾಲಕನೆಂದೇ ತಿಳಿದಿದ್ದನಂತೆ. ಆತನೇ ಮೇಟರ್‌ಲಿಂಕ್ ಎಂದು ಗೊತ್ತಾದದ್ದು ಸ್ವಲ್ಪ ತಡವಾಗಿ. ಸ್ತಾನಿಸ್ಲಾವ್‌ಸ್ಕಿ ತನ್ನ ಆತ್ಮಕಥೆಯಲ್ಲಿ ಇದನ್ನು ಖುಷಿಯಿಂದ ಹೇಳಿಕೊಂಡಿದ್ದಾನೆ.

ರಷ್ಯದ ಆಗಿನ ಪಂಚಾಂಗದ ಪ್ರಕಾರ 1908ರ ಸೆಪ್ಟೆಂಬರ್ 30ರಂದು ಮಾಸ್ಕೋದಲ್ಲಿ ನಾಟಕದ ಮೊದಲ ಪ್ರದರ್ಶನ ನಡೆಯಿತು. ಸಂಗೀತ ಇಲ್ಯಾ ಸಾಟ್ಸ್‌ದು, ರಂಗವಿನ್ಯಾಸ ವ್ಲಾದಿಮಿರ್ ಯೆಗೊರೊವ್‌ದು. 1909ರ ಡಿಸೆಂಬರಿನಲ್ಲಿ ಲಂಡನ್ನಿನ ಹೇಮಾರ್ಕೆಟ್, 1910ರಲ್ಲಿ ನ್ಯೂಯಾರ್ಕ್, 1911ರಲ್ಲಿ ಪ್ಯಾರಿಸ್ಸಿನ ರೆಜಾನ್ ರಂಗಮಂದಿರಗಳಿಗೆ ಅದು ಹಾರಿತು. ಅದೇ 1911ರಲ್ಲಿ ಮೇಟರ್‌ಲಿಂಕ್‌ಗೆ ನೊಬೆಲ್ ಬಹುಮಾನ ಬಂತು. ಮಾಸ್ಕೋದ ಪ್ರಯೋಗಕ್ಕೆ ನೂರು ವರ್ಷ ತುಂಬಿದಾಗಲೂ ಅಲ್ಲಿನ ರಂಗಮಂದಿರವೊಂದು ಅದನ್ನು ಆಡುತ್ತಲೇ ಇತ್ತು.

ಕಥೆ ಶುರುವಾಗುವುದು ಕ್ರಿಸ್‌ಮಸ್ ಹಿಂದಿನ ರಾತ್ರಿ. ಮರಕಡಿಯುವವನ ಗುಡಿಸಲಿನಲ್ಲಿ ಹತ್ತು ವರ್ಷದ ಟಿಲ್‌ಟಿಲ್, ಆರು ವರ್ಷದ ತಂಗಿ ಮಿಟಿಲ್ ಎದ್ದು ಕುಳಿತು ಎದುರುಮನೆಯ ಶ್ರೀಮಂತರ ಹಬ್ಬವನ್ನು ಕಿಟಕಿಯಿಂದ ನೋಡುತ್ತಾರೆ. ಅಸೂಯೆ ಇಲ್ಲ, ಕಣ್ಣಲ್ಲೇ ಹಬ್ಬ ಉಣ್ಣುತ್ತಾರೆ. ಆಗ ನೆರೆಮನೆಯ ಮುದುಕಿಯ ಹೋಲಿಕೆಯ ಬೆರಿಲೂನ್ ಎಂಬ ಯಕ್ಷಿಣಿ ಬಂದು, ತನ್ನ ಕಾಯಿಲೆಯ ಮಗುವಿಗಾಗಿ ನೀಲಿ ಹಕ್ಕಿ ತರಬೇಕೆಂದು ಹೇಳಿ, ವಜ್ರ ಪೋಣಿಸಿದ ಟೊಪ್ಪಿಗೆ ಕೊಡುತ್ತಾಳೆ. ವಜ್ರ ತಿರುಗಿಸಿದರೆ ವಸ್ತುಗಳ ಒಳಜೀವ ಕಣ್ಣಿಗೆ ಬೀಳುತ್ತದೆ. ಬೆಂಕಿ, ನೀರು, ಹಾಲು, ರೊಟ್ಟಿ, ಸಕ್ಕರೆ, ನಾಯಿ, ಬೆಕ್ಕು, ಬೆಳಕು ಎಲ್ಲವೂ ಮನುಷ್ಯರೂಪ ತಾಳಿ ಮಕ್ಕಳ ಜೊತೆ ಹೊರಡುತ್ತವೆ. ಹಸಿದ ಮಕ್ಕಳಿಗೆ ರೊಟ್ಟಿ ತನ್ನ ಹೊಟ್ಟೆಯಿಂದಲೇ ಚೂರು ಕೊಯ್ದು ಕೊಡುತ್ತದೆ, ಸಕ್ಕರೆ ತನ್ನ ಬೆರಳು ಮುರಿದು ಕೊಡುತ್ತದೆ. ಆದರೆ ಯಾತ್ರೆ ಮುಗಿದಾಗ ಈ ಜೊತೆಗಾರರೆಲ್ಲ ಸಾಯುತ್ತಾರೆಂದು ಯಕ್ಷಿಣಿ ಮೊದಲೇ ಹೇಳಿಬಿಟ್ಟಿದ್ದಾಳೆ. ಹಾಗಾಗಿ ಹಕ್ಕಿ ಸಿಗದಂತೆ ಬೆಕ್ಕು ದಾರಿಯುದ್ದಕ್ಕೂ ಸಂಚು ಹೂಡುತ್ತದೆ. ಬೆಕ್ಕನ್ನು ಬರಿಯ ಖಳನೆಂದು ತಳ್ಳಿಹಾಕಲು ಬಾರದಂತೆ ಮಾಡಿರುವುದು ಈ ಒಂದು ಷರತ್ತು.

ಸತ್ತ ಅಜ್ಜ ಅಜ್ಜಿ ನೆನಪಿನ ನಾಡಿನಲ್ಲಿ ನಿದ್ದೆ ಹೋಗಿರುತ್ತಾರೆ. ಬದುಕಿರುವವರು ನೆನೆದಾಗಲಷ್ಟೇ ಅವರಿಗೆ ಎಚ್ಚರ. ಅಲ್ಲಿ ಸಿಕ್ಕ ಹಕ್ಕಿ ಹೊರಗೆ ತಂದೊಡನೆ ಕಪ್ಪಾಗುತ್ತದೆ. ರಾತ್ರಿಯ ಅರಮನೆಯ ಹಕ್ಕಿಗಳು ಹಗಲಿಗೆ ಬಂದೊಡನೆ ಸಾಯುತ್ತವೆ. ಕಾಡಿನಲ್ಲಿ ಮರಗಳೂ ಪ್ರಾಣಿಗಳೂ ಮನುಷ್ಯಕುಲದ ಮೇಲಿನ ಹಳೆಯ ಹಗೆ ತೀರಿಸಿಕೊಳ್ಳಲು ಈ ಮಕ್ಕಳ ಮೇಲೆ ಎರಗುತ್ತವೆ. ಭವಿಷ್ಯದ ನಾಡಿನಲ್ಲಿ ಇನ್ನೂ ಹುಟ್ಟದ ಶಿಶುಗಳು ತಾವು ಭೂಮಿಗೆ ಒಯ್ಯಬೇಕಾದ ಉಡುಗೊರೆಗಳನ್ನು ಹಿಡಿದು ಕಾಯುತ್ತಿರುತ್ತವೆ, ಕುಡುಗೋಲು ಹಿಡಿದ ಕಾಲಪುರುಷ ಬಾಗಿಲು ಕಾಯುತ್ತಾನೆ. ಬೆಳಗಾದಾಗ ಮಕ್ಕಳು ತಮ್ಮ ಹಾಸಿಗೆಯಲ್ಲೇ ಇದ್ದಾರೆ. ಮನೆಯ ಪಂಜರದಲ್ಲಿದ್ದ ಪಾರಿವಾಳವೇ ನೀಲಿಯಾಗಿ ಕಾಣುತ್ತದೆ. ಅದನ್ನು ನೆರೆಮನೆಯ ಕಾಯಿಲೆಯ ಹುಡುಗಿಗೆ ಕೊಟ್ಟರೆ ಅವಳು ಎದ್ದು ಓಡಾಡುತ್ತಾಳೆ. ಆದರೆ ಹಕ್ಕಿ ಕೈತಪ್ಪಿ ಹಾರಿಹೋಗುತ್ತದೆ. ಯಾರಿಗಾದರೂ ಸಿಕ್ಕರೆ ಮರಳಿಸಿರೆಂದು ಟಿಲ್‌ಟಿಲ್ ನೇರವಾಗಿ ಪ್ರೇಕ್ಷಕರನ್ನೇ ಕೇಳಿಕೊಳ್ಳುವುದರೊಂದಿಗೆ ನಾಟಕ ಮುಗಿಯುತ್ತದೆ. ಸುಖ ಮನೆಯಲ್ಲೇ ಇದೆ ಎಂಬಲ್ಲಿಗೆ ಕಥೆ ನಿಂತಿದ್ದರೆ ಅದು ಶಾಲಾ ಪಠ್ಯಕ್ಕಷ್ಟೇ ಲಾಯಕ್ಕಾಗುತ್ತಿತ್ತು. ಸಿಕ್ಕಿದ್ದು ಮತ್ತೆ ಹಾರಿಹೋಯಿತೆಂದ ಕಾರಣಕ್ಕೇ ನಾಟಕ ಉಳಿದುಕೊಂಡಿತು.

ಕಥೆ ಜನರ ಬಾಯಿಗೆ ಎಷ್ಟು ಬೇಗ ಬಂತೆಂದರೆ, ಲಂಡನ್ನಿನಲ್ಲಿ ನಾಟಕ ನೋಡಿದ ವೇಗದ ಕಾರುಗಳ ಸಾಹಸಿ ಮಾಲ್ಕಮ್ ಕ್ಯಾಂಪ್‌ಬೆಲ್ ತನ್ನ ಕಾರಿಗೆ ನೀಲಿ ಬಣ್ಣ ಬಳಿಸಿ ಬ್ಲೂ ಬರ್ಡ್ ಎಂದು ಹೆಸರಿಟ್ಟ. ಮುಂದೆ ಅವನೂ ಅವನ ಮಗ ಡೊನಾಲ್ಡನೂ ಅದೇ ಹೆಸರಿನ ಕಾರು, ದೋಣಿಗಳಲ್ಲಿ ವೇಗದ ವಿಶ್ವದಾಖಲೆಗಳನ್ನು ಮಾಡಿದರು. ಜಪಾನಿನ ನಿಸ್ಸಾನ್ ಕಂಪನಿಯ ಬ್ಲೂಬರ್ಡ್ ಕಾರಿನ ಹೆಸರಿಗೂ ಇದೇ ನಾಟಕ ಮೂಲ.

ಸಿನಿಮಾ ಈ ನಾಟಕದ ಬೆನ್ನುಹತ್ತಿದ್ದು ಬೇಗ. 1910ರಲ್ಲೇ ಬ್ರಿಟನ್ನಿನಲ್ಲಿ ಗೊಮೊಂ ಕಂಪನಿ ಒಂದು ಮೂಕಿಚಿತ್ರ ತೆಗೆಯಿತು. ಲೇಖಕನಿಗೂ ಹಾಲಿವುಡ್ಡಿನ ಕರೆ ಬಂತು. 1919ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾದಲ್ಲಿ 'ನೀಲಿ ಹಕ್ಕಿ'ಯ ಸಂಗೀತರೂಪಕದ ಮೊದಲ ಪ್ರದರ್ಶನ ನೋಡಲು ಮೇಟರ್‌ಲಿಂಕ್ ಅಮೆರಿಕಕ್ಕೆ ಬಂದಿದ್ದ. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಅವನನ್ನು ಚಿತ್ರಕಥೆ ಬರೆಯಲು ಗೊತ್ತುಮಾಡಿಕೊಂಡ. ಜೇನುಹುಳುವೇ ನಾಯಕನಾದ ಕಥೆ ಕಂಡು ಗೋಲ್ಡ್‌ವಿನ್ ಕೂಗುತ್ತ ಕೋಣೆಯಿಂದ ಓಡಿಬಂದನೆಂಬ ಹಾಸ್ಯಕಥೆ ಹಾಲಿವುಡ್ಡಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ನಿಜವೋ ಕಟ್ಟುಕಥೆಯೋ, ಮೇಟರ್‌ಲಿಂಕ್ ಅಲ್ಲಿ ಬರೆದದ್ದೇನೂ ತೆರೆಗೆ ಬರಲಿಲ್ಲ.

ಆದರೆ ಅದಕ್ಕೆ ಎರಡು ವರ್ಷ ಮೊದಲೇ, 1918ರ ಮಾರ್ಚ್ ಕೊನೆಯಲ್ಲಿ, ಅವನ ನಾಟಕದ ಅತ್ಯುತ್ತಮ ಚಿತ್ರರೂಪ ಬಿಡುಗಡೆಯಾಗಿತ್ತು. ಅದನ್ನು ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ತೆಗೆದವನು ಫ್ರಾನ್ಸಿನಿಂದ ಬಂದ ಮಾರಿಸ್ ಟೂರ್ನರ್. ಶಿಲ್ಪಿ ರೊದಾನ ಬಳಿ, ಚಿತ್ರಕಾರ ಪುವಿ ದ ಶವಾನ್ ಬಳಿ ಕೆಲಸ ಮಾಡಿದವನಿಗೆ ಸಿನಿಮಾ ಎಂದರೆ ಬೆಳಕಿನಲ್ಲಿ ಬರೆಯುವ ಚಿತ್ರಪಟ. ಕಲಾ ನಿರ್ದೇಶಕ ಬೆನ್ ಕಾರೆ ಬಣ್ಣದ ಪರದೆಗಳನ್ನು, ಕತ್ತರಿಸಿದ ಹಲಗೆಯ ಬೆಟ್ಟಗಳನ್ನು ನಿಲ್ಲಿಸಿದ. ಛಾಯಾಗ್ರಾಹಕ ಜಾನ್ ವಾನ್ ಡೆನ್ ಬ್ರೂಕ್ ಪಾತ್ರಗಳನ್ನು ಹಲವೆಡೆ ಬರಿಯ ಕಪ್ಪು ನೆರಳುಗಳಾಗಿ ತೋರಿಸಿದ. ಅದೇ ವರ್ಷ ಟೂರ್ನರನದೇ ಇನ್ನೊಂದು ಚಿತ್ರದ ಚಿತ್ರೀಕರಣದ ವೇಳೆ ಆತ ಸಮುದ್ರಪಾಲಾದ. ನೈಜವಾಗಿ ಕಾಣಿಸಬೇಕೆಂಬ ಹಟವೇ ಟೂರ್ನರನ ಬ್ಲೂ ಬರ್ಡ್‌ಗಿಲ್ಲ. ಸಕ್ಕರೆ ಕಟ್ಟಿದ ಪೊಟ್ಟಣದಿಂದ ಮನುಷ್ಯನಾಗಿ ಹೊರಬರುವುದು, ನಲ್ಲಿಯ ನೀರು ಹೆಣ್ಣಾಗಿ ಕುಣಿಯುವುದು ಎಲ್ಲವೂ ಬೊಂಬೆಯಾಟದ ಸಲಿಗೆಯಲ್ಲಿ ನಡೆಯುತ್ತದೆ. ಟೂಲಾ ಬೆಲ್ ಮತ್ತು ರಾಬಿನ್ ಮ್ಯಾಕ್‌ಡೂಗಲ್ ಎಂಬ ಮಕ್ಕಳ ನಟನೆಯಲ್ಲಿ ಮುದ್ದು ಕಡಿಮೆ, ಬೆರಗು ಹೆಚ್ಚು. ಯುದ್ಧದ ಕಾಲದ ಪ್ರೇಕ್ಷಕರಿಗೆ ಇದು ರುಚಿಸಲಿಲ್ಲ. ಇದರ ಸೋಲಿನ ಜೊತೆಗೆ ಇದೇ ಬಗೆಯ ಮತ್ತೊಂದು ಪ್ರಯೋಗವಾದ 'ಪ್ರುನೆಲ್ಲಾ' ಕೂಡ ಸೋತಮೇಲೆ ಟೂರ್ನರ್ ಇಂಥ ಸಾಹಸದಿಂದ ಹಿಂದೆ ಸರಿದ. ಮುಂದೆ ಅವನ ಮಗ ಜಾಕ್ ಟೂರ್ನರ್ ತೆಗೆದ 'ಕ್ಯಾಟ್ ಪೀಪಲ್' (1942) ಚಿತ್ರದಲ್ಲಿ ನೆರಳುಗಳೇ ಭಯ ಹುಟ್ಟಿಸುವುದನ್ನು ನೋಡಿದವರಿಗೆ ತಂದೆಯ ಕೈ ನೆನಪಾಗದಿರದು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿ 1918ರ ಈ ಚಿತ್ರವನ್ನು ಸೇರಿಸಿಕೊಂಡಿತು.

ಫಾಕ್ಸ್‌ನ ಮುಖ್ಯಸ್ಥ ಡ್ಯಾರಿಲ್ ಜಾನಕ್ ಟೂರ್ನರನ ಚಿತ್ರದ ಇಪ್ಪತ್ತೆರಡು ವರ್ಷಗಳ ಬಳಿಕ ಇದೇ ಕಥೆಗೆ ಕೈಹಾಕಿದ್ದಕ್ಕೆ ಕಲೆಗಿಂತ ಲೆಕ್ಕಾಚಾರ ಹೆಚ್ಚು ಕಾರಣ. ಶರ್ಲಿ ಟೆಂಪಲ್ 1935ರಿಂದ 1938ರವರೆಗೆ ಸತತ ನಾಲ್ಕು ವರ್ಷ ಅಮೆರಿಕದ ಅತಿ ಹೆಚ್ಚು ಗಳಿಕೆಯ ತಾರೆ. ಅವಳ ದುಡಿಮೆ ಫಾಕ್ಸ್‌ನ ಊರುಗೋಲು. ಆದರೆ ಮಕ್ಕಳು ಬೆಳೆಯುತ್ತಾರೆ. 1928ರಲ್ಲಿ ಹುಟ್ಟಿದ ಹುಡುಗಿಯನ್ನು ಸ್ಟುಡಿಯೊ 1929ರಲ್ಲಿ ಹುಟ್ಟಿದವಳೆಂದು ಲೋಕಕ್ಕೆ ಹೇಳಿ ಒಂದು ವರ್ಷ ಉಳಿಸಿಕೊಂಡಿತ್ತು. ಅದೂ ಎಷ್ಟು ದಿನ? 1939ರಲ್ಲಿ ವಾಲ್ಟರ್ ಲ್ಯಾಂಗ್ ಅವಳನ್ನು ಟೆಕ್ನಿಕಲರ್‌ನಲ್ಲಿ 'ದ ಲಿಟ್ಲ್ ಪ್ರಿನ್ಸೆಸ್' ಆಗಿ ತೋರಿಸಿ ಗೆದ್ದಿದ್ದ. ಅದೇ ವರ್ಷ ಆಗಸ್ಟಿನಲ್ಲಿ ಎದುರಾಳಿ ಎಂಜಿಎಂ ಸಂಸ್ಥೆ 'ದ ವಿಜರ್ಡ್ ಆಫ್ ಆಜ್' ಬಿಡುಗಡೆ ಮಾಡಿತು. ಬ್ಲೂ ಬರ್ಡ್ ಕೂಡ ಕಪ್ಪುಬಿಳುಪಿನಲ್ಲಿ ಶುರುವಾಗಿ, ಮಕ್ಕಳು ಕನಸಿಗೆ ಜಾರಿದಾಗ ಬಣ್ಣಕ್ಕೆ ತಿರುಗುತ್ತದೆ. ನೋಡಿದವರೆಲ್ಲ ಎರಡನ್ನೂ ಹೋಲಿಸಿದರು, ಹೋಲಿಕೆಯಲ್ಲಿ ಬ್ಲೂ ಬರ್ಡ್ ಪ್ರತಿಸಲವೂ ಎರಡನೆಯದಾಯಿತು.

ಅರ್ನೆಸ್ಟ್ ಪ್ಯಾಸ್ಕಲ್ ಬರೆದ ಚಿತ್ರಕಥೆ ನಾಟಕವನ್ನು ಬುಡಮೇಲು ಮಾಡಿತು. ತಾರೆ ಹುಡುಗಿಯಾದ್ದರಿಂದ ಮಿಟಿಲ್ ದೊಡ್ಡವಳಾದಳು. ಟಿಲ್‌ಟಿಲ್ (ಜಾನಿ ರಸೆಲ್) ಅವಳ ಬೆನ್ನಹಿಂದೆ ಬರುವ ಪುಟ್ಟ ತಮ್ಮನಾದ. ರೊಟ್ಟಿ, ಸಕ್ಕರೆ, ಹಾಲು, ನೀರು, ಬೆಂಕಿಗಳಿಗೆ ಕೆಲಸ ಹೋಯಿತು. ನಾಯಿ, ಬೆಕ್ಕು, ಬೆಳಕು ಮಾತ್ರ ಉಳಿದರು. ಕಥೆ ನೆಪೋಲಿಯನ್ ಯುದ್ಧಗಳ ಕಾಲಕ್ಕೆ ಹೋಯಿತು, ತಂದೆಗೆ ಸೈನ್ಯದಿಂದ ಕರೆ ಬರುವ ಪ್ರಸಂಗ ಸೇರಿತು. ಚಿತ್ರ ತಯಾರಾಗುತ್ತಿದ್ದಾಗ ಯುರೋಪಿನಲ್ಲಿ ನಿಜಕ್ಕೂ ಯುದ್ಧ ಶುರುವಾಗಿತ್ತೆಂಬುದನ್ನು ನೆನೆದರೆ ಈ ಬದಲಾವಣೆ ಅರ್ಥವಾಗುತ್ತದೆ. ಎಲ್ಲಕ್ಕಿಂತ ದಿಟ್ಟ ಬದಲಾವಣೆಯೆಂದರೆ, ಕೆನ್ನೆಗುಳಿಯ ಮುದ್ದುಮಗುವೆಂದು ಜನ ಒಪ್ಪಿದ್ದ ಶರ್ಲಿ ಇಲ್ಲಿ ಸಿಡುಕಿ, ಸ್ವಾರ್ಥಿ. ಕಾಡಿನಲ್ಲಿ ಹಿಡಿದ ಹಕ್ಕಿಯನ್ನು ಹಾಸಿಗೆ ಹಿಡಿದ ಗೆಳತಿಗೆ ಕೊಡಲು ಒಲ್ಲದವಳು. ಆ ಗೆಳತಿಯ ಪಾತ್ರ ಮಾಡಿದ ಸಿಬಿಲ್ ಜೇಸನ್‌ಳನ್ನು ವಾರ್ನರ್ ಸಂಸ್ಥೆ ಒಮ್ಮೆ ಶರ್ಲಿಗೆ ಪೈಪೋಟಿಯಾಗಿಯೇ ಬೆಳೆಸಲು ನೋಡಿತ್ತು.

ಪೋಷಕ ಪಾತ್ರಗಳ ಸಾಲು ಚಿತ್ರದ ನಿಜವಾದ ಸಿರಿ. ಬೆಕ್ಕು ಟೈಲೆಟ್ ಆಗಿ ಗೇಲ್ ಸಾಂಡರ್‌ಗಾರ್ಡ್ ನಯವಂಚನೆಯ ಮೂರ್ತಿ. ಪೋಷಕ ನಟಿಗೆ ಆಸ್ಕರ್ ಕೊಡಲು ಶುರುಮಾಡಿದಾಗ ಅದನ್ನು ಮೊದಲು ಪಡೆದವಳು ಇವಳೇ. 'ವಿಜರ್ಡ್ ಆಫ್ ಆಜ್'ನ ಮಾಟಗಾತಿಯ ಪಾತ್ರಕ್ಕೂ ಮೊದಲು ಗೊತ್ತಾದವಳು ಇವಳೇ. ಮಾಟಗಾತಿ ಕುರೂಪಿಯಾಗಿರಬೇಕೆಂದು ತೀರ್ಮಾನವಾದಾಗ ಬಿಟ್ಟುಬಂದಳು. ನಾಯಿ ಟೈಲೊ ಆದ ಎಡ್ಡಿ ಕಾಲಿನ್ಸ್ ಹಳೆಯ ಅಗ್ಗದ ರಂಗಭೂಮಿಯ ವಿದೂಷಕ. ಡಿಸ್ನಿಯ 'ಸ್ನೋ ವೈಟ್' ಚಿತ್ರದ ಮೂಕ ಕುಳ್ಳ ಡೋಪಿಯ ಚಲನವಲನಕ್ಕೆ ಮಾದರಿಯಾದವನು. ಸಿರಿವಂತ ದಂಪತಿಯಾಗಿ ನೈಜೆಲ್ ಬ್ರೂಸ್, ಲಾರಾ ಹೋಪ್ ಕ್ರೂಸ್. ಅಜ್ಜನಾದ ಆಲ್ ಶೀನ್, ಹಾಸ್ಯನಟರಾದ ಮಾರ್ಕ್ಸ್ ಸಹೋದರರ ಸೋದರಮಾವ.

ಚಿತ್ರದಲ್ಲಿ ಮನಸ್ಸಿಗೆ ನಾಟುವ ಭಾಗಗಳು ಮೂರು. ನೆನಪಿನ ನಾಡಿನಲ್ಲಿ ಅಜ್ಜ ಅಜ್ಜಿ ಮತ್ತೆ ತೂಕಡಿಸಿ ನಿದ್ದೆಗೆ ಜಾರುವ ದೃಶ್ಯದಲ್ಲಿ ಮೇಟರ್‌ಲಿಂಕ್ ಮಾಸದೆ ಉಳಿದಿದ್ದಾನೆ. ಇನ್ನೊಂದು ಭವಿಷ್ಯದ ನಾಡು. ಅಲ್ಲಿ ಹುಟ್ಟಲಿರುವ ಒಬ್ಬ ಗಂಭೀರ ಹುಡುಗ, ಮುಂದೆ ಗುಲಾಮಗಿರಿಯ ವಿರುದ್ಧ ನಿಲ್ಲಬೇಕಾದವನು, ತನ್ನನ್ನು ಲೋಕ ಬಾಳಗೊಡದೆಂದು ಮೊದಲೇ ತಿಳಿದಿರುತ್ತಾನೆ. ಹೆಸರು ಹೇಳದಿದ್ದರೂ ಲಿಂಕನ್ ಎಂದು ಅಮೆರಿಕದ ಪ್ರೇಕ್ಷಕನಿಗೆ ಗೊತ್ತಾಗುತ್ತದೆ. ಆ ಪಾತ್ರ ಮಾಡಿದ ಬಾಲಕ ಜೀನ್ ರೆನಾಲ್ಡ್ಸ್ ದೊಡ್ಡವನಾಗಿ 'ಮ್ಯಾಶ್' ಎಂಬ ಯುದ್ಧವಿರೋಧಿ ಟಿವಿ ಧಾರಾವಾಹಿಯನ್ನು ರೂಪಿಸಿದವರಲ್ಲಿ ಒಬ್ಬನಾದ.

ಮೂರನೆಯದು ಕಾಡ್ಗಿಚ್ಚು. ಬೆಕ್ಕಿನ ಚಾಡಿಮಾತು ಕೇಳಿ ಮರಗಳು ಮಕ್ಕಳನ್ನು ಕೊಲ್ಲಲು ಸಿಡಿಲನ್ನೂ ಗಾಳಿಯನ್ನೂ ಕರೆಯುತ್ತವೆ. ಹೊತ್ತಿದ ಬೆಂಕಿಯಲ್ಲಿ ಬೆಕ್ಕೇ ಸುಟ್ಟುಹೋಗುತ್ತದೆ. ಇದನ್ನು ಕಟ್ಟಿದ ಫ್ರೆಡ್ ಸರ್ಸನ್ ಹಿಂದಿನ ವರ್ಷವಷ್ಟೇ ಬಂದಿದ್ದ 'ದ ರೇನ್ಸ್ ಕೇಮ್' ಚಿತ್ರದ ಪ್ರವಾಹ, ಭೂಕಂಪಗಳಿಗಾಗಿ ವಿಶೇಷ ಪರಿಣಾಮಗಳ ಮೊದಲ ಸ್ಪರ್ಧಾತ್ಮಕ ಆಸ್ಕರ್ ಗೆದ್ದವನು. ಮಕ್ಕಳ ಚಿತ್ರಕ್ಕೆ ಇಷ್ಟು ಉಗ್ರ ಬೆಂಕಿ ಬೇಕಿತ್ತೇ ಎಂದು ಇಂದಿಗೂ ಕೇಳಬಹುದು. ಆದರೆ ಚಿತ್ರದಲ್ಲಿ ಸಕ್ಕರೆಯ ಪಾಕವಿಲ್ಲದೆ ಉಸಿರು ಬಿಗಿಹಿಡಿಸುವ ಭಾಗ ಅದೊಂದೇ.

ಪ್ರಚಾರದ ಭಾಗವಾಗಿ 1939ರ ಡಿಸೆಂಬರ್ 24ರಂದು ಚಿತ್ರದ ರೇಡಿಯೊ ರೂಪ ಪ್ರಸಾರವಾಯಿತು. ಶರ್ಲಿ ಹಾಡುತ್ತಿದ್ದಾಗ ಸಭಿಕರ ನಡುವಿನಿಂದ ಒಬ್ಬ ಹೆಂಗಸು ಎದ್ದು ಕೈಬಂದೂಕು ಅವಳತ್ತ ಗುರಿಯಿಟ್ಟಳೆಂದೂ, ಪೊಲೀಸರು ತಡೆದರೆಂದೂ ಶರ್ಲಿ 1988ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಆ ಹೆಂಗಸಿನ ಮಗಳು ಸತ್ತ ದಿನವೇ ಶರ್ಲಿ ಹುಟ್ಟಿದ್ದಳೆಂದೂ, ತನ್ನ ಮಗುವಿನ ಆತ್ಮವನ್ನು ಅವಳು ಕದ್ದಳೆಂದೂ ಆಕೆಯ ಭ್ರಮೆ. ಸ್ಟುಡಿಯೊ ಹೇಳಿದ್ದ ಸುಳ್ಳು ಹುಟ್ಟುವರ್ಷವನ್ನು ಆಕೆ ನಂಬಿದ್ದಳು.

1940ರ ಜನವರಿಯಲ್ಲಿ ಬಿಡುಗಡೆಯಾದ ಚಿತ್ರ ಮಕಾಡೆ ಮಲಗಿತು. ಶರ್ಲಿಯ ಚಿತ್ರವೊಂದು ಹೀಗೆ ನಷ್ಟ ಮಾಡಿದ್ದು ಅದೇ ಮೊದಲು. ಅದೇ ವರ್ಷ 'ಯಂಗ್ ಪೀಪಲ್' ಚಿತ್ರದೊಂದಿಗೆ ಫಾಕ್ಸ್ ಜೊತೆಗಿನ ಅವಳ ಒಪ್ಪಂದ ಮುಗಿಯಿತು. ಹನ್ನೆರಡಕ್ಕೇ ಮಾಜಿ ತಾರೆಯಾದವಳು ಮುಂದೆ ರಾಜತಂತ್ರಕ್ಕೆ ಹೊರಳಿ ಘಾನಾದಲ್ಲೂ ಜೆಕೊಸ್ಲೊವಾಕಿಯದಲ್ಲೂ ಅಮೆರಿಕದ ರಾಯಭಾರಿಯಾಗಿದ್ದಳು, 2014ರಲ್ಲಿ ತೀರಿಕೊಂಡಳು. ಇನ್ನು ಮೇಟರ್‌ಲಿಂಕ್: ಚಿತ್ರ ಬಂದ ವರ್ಷವೇ, ಎಪ್ಪತ್ತೇಳರ ವಯಸ್ಸಿನಲ್ಲಿ, ನಾಜಿಗಳಿಗೆ ಹೆದರಿ ಯುರೋಪ್ ತೊರೆದು ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದ.

ಚಿತ್ರಕ್ಕೆ ಎರಡು ಆಸ್ಕರ್ ನಾಮನಿರ್ದೇಶನಗಳು ಸಿಕ್ಕವು. ಒಂದು ಬಣ್ಣದ ಛಾಯಾಗ್ರಹಣಕ್ಕೆ (ಆರ್ಥರ್ ಮಿಲ್ಲರ್, ರೇ ರೆನಹನ್), ಇನ್ನೊಂದು ವಿಶೇಷ ಪರಿಣಾಮಗಳಿಗೆ. ಎರಡನ್ನೂ ಕಸಿದುಕೊಂಡದ್ದು ಅಲೆಕ್ಸಾಂಡರ್ ಕೋರ್ಡಾ ತಯಾರಿಸಿದ 'ದ ತೀಫ್ ಆಫ್ ಬಗ್ದಾದ್'. ಕನ್ನಡಿಗರಿಗೆ ಇಲ್ಲೊಂದು ಕುತೂಹಲದ ಎಳೆ ಇದೆ. ಆ ಚಿತ್ರದ ಪುಟ್ಟ ಕಳ್ಳ ಅಬು, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು. ರಾಬರ್ಟ್ ಫ್ಲಾಹರ್ಟಿ 'ಎಲಿಫೆಂಟ್ ಬಾಯ್' (1937) ಚಿತ್ರಕ್ಕಾಗಿ ಮೈಸೂರಿನಲ್ಲಿ ಕಂಡುಹಿಡಿದ ಹುಡುಗ. ಹಾಲಿವುಡ್ಡಿನ ಮುದ್ದಿನ ತಾರೆಯ ಸಿಂಗಾರದ ಚಿತ್ರವನ್ನು ಹಿಂದಿಕ್ಕಿದ್ದು, ಕಾಕನಕೋಟೆ ಕಾಡಿನಂಚಿನ ಈ ಹುಡುಗ ನಟಿಸಿದ ಚಿತ್ರ.

ಸೋವಿಯತ್ ನಾಡು ಈ ಕಥೆಯನ್ನು ತನ್ನದೆಂದೇ ಭಾವಿಸಿತ್ತು. ವಾಸಿಲಿ ಲಿವಾನೊವ್ 1970ರಲ್ಲಿ ಸಯುಜ್‌ಮುಲ್ತ್‌ಫಿಲ್ಮ್‌ಗಾಗಿ ಇದನ್ನು ಅನಿಮೇಷನ್ ಚಿತ್ರ ಮಾಡಿದ. ಈತನೇ ಮುಂದೆ ರಷ್ಯನ್ನರ ಮೆಚ್ಚಿನ ಷರ್ಲಾಕ್ ಹೋಮ್ಸ್ ಆದ ನಟ. ಹಾಲಿವುಡ್ಡಿನ 1940ರ ಚಿತ್ರದಲ್ಲಿದ್ದ ನೈಜೆಲ್ ಬ್ರೂಸ್ ಅಲ್ಲಿನ ಪ್ರಸಿದ್ಧ ಡಾಕ್ಟರ್ ವಾಟ್ಸನ್ ಎಂಬುದು ಇಲ್ಲಿ ತಮಾಷೆಯ ಕಾಕತಾಳೀಯ. ಜಪಾನ್ 1980ರಲ್ಲಿ ಲೇಜಿ ಮತ್ಸುಮೊಟೊ ಪಾತ್ರವಿನ್ಯಾಸದ 26 ಕಂತುಗಳ ಟಿವಿ ಅನಿಮೆ ತಂದಿತು.

ಅವೆರಡರ ನಡುವೆ ಬಂದದ್ದು 1976ರ ಮಹಾ ಎಡವಟ್ಟು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಜಂಟಿಯಾಗಿ ತಯಾರಿಸಿದ ಮೊದಲ ಕಥಾಚಿತ್ರವೆಂಬ ಡಂಗುರದೊಂದಿಗೆ ಲೆನಿನ್‌ಗ್ರಾದಿನ ಲೆನ್‌ಫಿಲ್ಮ್ ಸ್ಟುಡಿಯೊದಲ್ಲಿ 1975ರಲ್ಲಿ ಕೆಲಸ ಶುರುವಾಯಿತು. ನಿರ್ದೇಶಕ ಜಾರ್ಜ್ ಕ್ಯೂಕರ್ ಎಪ್ಪತ್ತೈದು ದಾಟಿದ್ದ. 'ವಿಜರ್ಡ್ ಆಫ್ ಆಜ್'ನ ಆರಂಭದಲ್ಲಿ ಕೆಲವೇ ದಿನ ಇದ್ದು ಜೂಡಿ ಗಾರ್ಲೆಂಡ್‌ಳ ವೇಷ ಸರಳಗೊಳಿಸಿ ಹೋದವನೂ ಅವನೇ. ತಾಯಿ, ಬೆಳಕು, ಮಾಟಗಾತಿ, ಮಾತೃಪ್ರೇಮ ಎಂಬ ನಾಲ್ಕು ಪಾತ್ರಗಳಲ್ಲಿ ಎಲಿಜಬೆತ್ ಟೇಲರ್. ರಾತ್ರಿಯಾಗಿ ಜೇನ್ ಫಾಂಡ, ವೈಭೋಗವಾಗಿ ಆವಾ ಗಾರ್ಡ್ನರ್, ಬೆಕ್ಕಾಗಿ ಸಿಸಿಲಿ ಟೈಸನ್, ಹಕ್ಕಿಯಾಗಿ ಬ್ಯಾಲೆ ನರ್ತಕಿ ನಾಜೆಜ್ದಾ ಪಾವ್ಲೊವಾ. ನಿರ್ದೇಶಕನಿಗೆ ರಷ್ಯನ್ ಬಾರದು, ಕೆಲಸಗಾರರಿಗೆ ಇಂಗ್ಲಿಷ್ ಬಾರದು. ಟೇಲರ್‌ಗೆ ಆಮಶಂಕೆ. ನಾಯಿಯ ಪಾತ್ರದ ಜೇಮ್ಸ್ ಕೋಕೊ ಕಾಯಿಲೆಯಿಂದ ಹಿಂದಿರುಗಿದ್ದರಿಂದ ಜಾರ್ಜ್ ಕೋಲ್ ಬಂದ. ಐಸೆನ್‌ಸ್ಟೈನ್ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ತೆಗೆದ ಸ್ಟುಡಿಯೊದಲ್ಲಿ ಕೆಲಸ ಮಾಡುವುದು ಹೆಮ್ಮೆಯೆಂದು ಕ್ಯೂಕರ್ ಹೇಳಿದಾಗ, ಅದೇ ಸಲಕರಣೆಗಳನ್ನೇ ಇಂದಿಗೂ ಬಳಸುತ್ತಿದ್ದೇವೆಂದು ಅಲ್ಲಿನವರು ಉತ್ತರಿಸಿದರೆಂಬ ಮಾತಿದೆ. ಚಿತ್ರ ನೋಡಿದರೆ ಅದನ್ನು ನಂಬಬೇಕೆನಿಸುತ್ತದೆ. ಎರಡು ಮಹಾಶಕ್ತಿಗಳು ಕೈಕುಲುಕಿದ ಫೋಟೊ ಚೆನ್ನಾಗಿ ಬಂತು, ಸಿನಿಮಾ ಬರಲಿಲ್ಲ. ಮಿಟಿಲ್ ಆಗಿದ್ದ ಪುಟ್ಟ ಪ್ಯಾಟ್ಸಿ ಕೆನ್ಸಿಟ್ ಮುಂದೆ ಬ್ರಿಟನ್ನಿನ ಹೆಸರಾಂತ ನಟಿಯಾದದ್ದು ಅದರಿಂದಾದ ಒಂದು ಲಾಭ.

ಈ ಸೋಲುಗಳಿಗೆ ಒಂದು ಸಮಾನ ಕಾರಣ ಹುಡುಕುವುದು ಕಷ್ಟವಲ್ಲ. ವೈಭೋಗದ ಮನೆಯಲ್ಲಿ ನೀಲಿ ಹಕ್ಕಿ ಇರುವುದಿಲ್ಲವೆನ್ನುವ ಕಥೆಯನ್ನು 1940ರಲ್ಲೂ 1976ರಲ್ಲೂ ವೈಭೋಗದಿಂದಲೇ ಹೇಳಲು ಹೋದರು. ತಾರೆಯರ ವೇಷಭೂಷಣ ಹೆಚ್ಚಿದಷ್ಟೂ ಆ ಬಡ ಗುಡಿಸಲು ಸುಳ್ಳಾಯಿತು. 1918ರ ಚಿತ್ರವೂ ಹಣ ಮಾಡಲಿಲ್ಲ, ಆದರೆ ಅಲ್ಲಿ ಕಥೆ ಸೋತಿಲ್ಲ.

1940ರ ಚಿತ್ರವನ್ನು ಪೂರಾ ತಳ್ಳಿಹಾಕುವುದು ಮಾತ್ರ ಅನ್ಯಾಯ. ಶರ್ಲಿಯ ಸಿಡುಕಿ ಮಿಟಿಲ್ ಅವಳ ಎಷ್ಟೋ ಗೆದ್ದ ಚಿತ್ರಗಳ ಮುದ್ದು ಹುಡುಗಿಯರಿಗಿಂತ ನಿಜವಾದ ಮಗು. ಸಾಂಡರ್‌ಗಾರ್ಡ್‌ಳ ಬೆಕ್ಕು, ತೂಕಡಿಸುವ ಅಜ್ಜ ಅಜ್ಜಿ, ಕಾಡ್ಗಿಚ್ಚು ಈಗಲೂ ಮಂಕಾಗಿಲ್ಲ. ಮಕ್ಕಳಿಗೆ ತೋರಿಸುವವರು ಮೊದಲು ಟೂರ್ನರನ ಮೂಕಿಚಿತ್ರವನ್ನು ತೋರಿಸಿ, ಆಮೇಲೆ ಇದನ್ನು ತೋರಿಸಲಿ. ತೀರ ಪುಟ್ಟವರು ಜೊತೆಗಿದ್ದರೆ ಕಾಡ್ಗಿಚ್ಚಿನ ಹೊತ್ತಿಗೆ ಪಕ್ಕದಲ್ಲೇ ಕುಳಿತಿರಿ.